ದೊರೆಯ ಉಸಿರುಗೊಳವೆ

ಲಿಪಿಕಾರ ಸಕ್ ಮೋ ಮೆಟ್ಟಿಲಿನ ತಿರುವಿನಲ್ಲಿ ಬಗ್ಗಿ, ಗಂಟುಹಾಕಿದ ಅಳತೆದಾರವನ್ನು ನೆಲದ ಮೇಲೆ ಎಳೆದು ತೋರಿಸಿದಾಗಲೇ ಕಬನನಿಗೆ ಏನೋ ಸರಿಯಿಲ್ಲ ಎನ್ನಿಸಿತು. ಎಡೆ ಇಡುವ ಗೂಡು ಎಂದು ಹೇಳಿದ್ದರು. ನಾಲ್ಕು ಮಡಕೆ, ಒಂದಿಷ್ಟು ಚಿಪ್ಪು, ಹಸಿರುಕಲ್ಲಿನ ಮಣಿ ಇಡುವುದಕ್ಕೆ ಮೊಣಕೈ ಉದ್ದದ ಗೂಡು ಧಾರಾಳವಾಯಿತು. ಈ ದಾರ ಅದರ ಮೂರುಪಟ್ಟು ಇತ್ತು.

“ಇಷ್ಟು ದೊಡ್ಡದಾ, ಬುದ್ಧಿ?”

“ಇಷ್ಟೇ.”

“ಒಳಗೆ ಕಟ್ಟೆ ಬೇರೆ ಹಾಕು ಅಂತೀರಿ. ಮಡಕೆಗೆ ಕೂತ್ಕೊಳ್ಳೋಕೆ ಕಟ್ಟೆ ಯಾಕೆ?”

ಸಕ್ ಮೋ ದಾರವನ್ನು ಸುತ್ತಿಕೊಂಡ. ಒಣಗಿದ ಕಡ್ಡಿಯಂಥ ಮನುಷ್ಯ. ಬೆರಳ ತುದಿಗಳಲ್ಲಿ ಯಾವಾಗಲೂ ಮಸಿಯ ಕಪ್ಪು. “ಕಬನಾ, ನಿನ್ನ ಕೆಲಸ ಕಲ್ಲು. ಕಲ್ಲಿನ ವಿಚಾರ ಕೇಳು, ಹೇಳ್ತೀನಿ. ಇನ್ನೊಂದು, ಗೂಡಿಗೂ ಗೊಳವೆಗೂ ನಡುವೆ ಅಂಗೈಯಗಲ ತೂತು ಬಿಡು. ಬಾಗಿಲಿಗೆ ಚಪ್ಪಡಿ. ಒಳಗಿನಿಂದ ಎಳೆದರೂ ಮುಚ್ಚಿಕೊಳ್ಳೋ ಹಾಗಿರಲಿ.”

“ಒಳಗಿನಿಂದ ಎಳೆಯೋರು ಯಾರು?”

ಸಕ್ ಮೋ ಆಗಲೇ ಮೆಟ್ಟಿಲು ಹತ್ತುತ್ತಿದ್ದ.

ಮಾಯಾ ಜನರ ಸೀಮೆಯ ಸಕ್ ಹಾ ಪಟ್ಟಣದಲ್ಲಿ ಗಾರೆ ಕೆಲಸವೆಂದರೆ ಕಬನನದೇ. ದೊರೆ ಎಕ್ ನಾಬ್ ಬದುಕಿದ್ದಾಗಲೇ ತನಗೆಂದು ಎಬ್ಬಿಸತೊಡಗಿದ ಈ ಒಂಬತ್ತು ಅಂತಸ್ತಿನ ಕಲ್ಲಿನ ಬೆಟ್ಟಕ್ಕೆ ಹನ್ನೊಂದು ವರ್ಷದಿಂದ ಸುಣ್ಣ ಬಳಿದವನು ಅವನು. ಬೆಟ್ಟದ ತಲೆಯ ಮೇಲೆ ಗುಡಿ; ಗುಡಿಯ ನೆಲದಿಂದ ಬೆಟ್ಟದ ಹೊಟ್ಟೆಗೆ ಇಳಿಯುವ ಮೆಟ್ಟಿಲು; ನಡುವೆ ಒಂದು ತಿರುವು; ತೀರಾ ಕೆಳಗೆ ಕಲ್ಲಿನ ಪೆಟ್ಟಿಗೆ. ಅರವತ್ತು ದಿನದ ಹಿಂದೆ ದೊರೆಯನ್ನು ಅದರಲ್ಲಿ ಮಲಗಿಸಿ ಬಾಯಿಗೆ ಹಸಿರು ಮಣಿಯಿಟ್ಟು ಮುಚ್ಚಿದ್ದರು. ಮುಸುಕಿನ ಜೋಳದ ಕಾಳು ಮಣ್ಣಿಗೆ ಬಿದ್ದ ಹಾಗೆ ದೊರೆ ಬೆಟ್ಟಕ್ಕೆ ಬಿದ್ದಿದ್ದಾನೆ, ಅವನ ಉಸಿರು ಮೊಳಕೆಯಾಗಿ ಮೇಲೆ ಬರಬೇಕು. ಅದಕ್ಕಾಗಿ ಪೆಟ್ಟಿಗೆಯ ಬದಿಯಿಂದ ಮೆಟ್ಟಿಲಿನ ಅಂಚಿಗೇ ಕಲ್ಲಿನ ಗೊಳವೆಯೊಂದನ್ನು ಕಬನ ಗುಡಿಯ ನೆಲದ ತನಕ ತಂದಿದ್ದ. ಮುಂದೆ ಪಟ್ಟದ ಚಾಪೆಯ ಮೇಲೆ ಕೂರುವವರು ಯಾರೇ ಇರಲಿ, ಆ ಗೊಳವೆಯ ಬಾಯಿಗೆ ಬಗ್ಗಿ ಸತ್ತವನ ಒಪ್ಪಿಗೆ ಪಡೆಯಬೇಕು. ಆಮೇಲೆ ಮೆಟ್ಟಿಲನ್ನು ಕಲ್ಲುಮಣ್ಣು ತುಂಬಿ ಶಾಶ್ವತವಾಗಿ ಮುಚ್ಚಿಬಿಡುವುದು. ಸತ್ತ ದೊರೆಯನ್ನು ಕಾಯುವುದಷ್ಟೇ ಬೆಟ್ಟದ ಕೆಲಸವಲ್ಲ, ಬರುವ ದೊರೆಯನ್ನು ಮಾಡುವುದೂ ಅದೇ.

ಬರುವ ದೊರೆ ಯಾರೆಂಬುದೇ ಊರಿನ ಗುಸುಗುಸು. ಎಕ್ ನಾಬನಿಗೆ ಗಂಡುಮಕ್ಕಳಿಲ್ಲ. ಇದ್ದವಳು ಮಗಳು ಇಶ್ ಲಕಮ್, ಇಪ್ಪತ್ತೆರಡರ ಹೆಣ್ಣು. ದೊರೆಯ ತಮ್ಮ ಚಕ್ ಕೋಹ್ ದಂಡಿನ ಯಜಮಾನ, ಊರಿನ ಈಟಿಗಳೆಲ್ಲ ಅವನ ಮಾತು ಕೇಳುವಂಥವು. ಹಾಗಾಗಿ ಗುಸುಗುಸು ಬಹಳ ಹೊತ್ತು ನಡೆಯುತ್ತಿರಲಿಲ್ಲ. ಚಕ್ ಕೋಹನೇ ಎಂದು ಎಲ್ಲರೂ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದರು. ಸಕ್ ಮೋ ದಿನ ಬೆಳಗಾದರೆ ಅವನ ಅಂಗಳದಲ್ಲಿ ಇರುತ್ತಿದ್ದ.

ಗೂಡು ಎದ್ದಿತು. ತೂತು ಕೊರೆದದ್ದಾಯಿತು. ಗೊಳವೆ ಧೂಳಿನಿಂದ ಕಟ್ಟಿಕೊಂಡಿದೆಯೇ ನೋಡಲು ಕಬನ ಕಟ್ಟೆಯ ಮೇಲೆ ಕೂತು, ತೂತಿಗೆ ಬಾಯಿಟ್ಟು, ಮೇಲಿದ್ದ ಆಳನ್ನು ಕೂಗಿದ: “ಸುಣ್ಣ ತಗೊಂಡು ಬಾರೋ.” ಮೇಲಿನಿಂದ ಬುಟ್ಟಿ ಬಿದ್ದ ಸದ್ದು, ಯಾರೋ ಓಡಿದ ಸದ್ದು. ಹೋಗಿ ನೋಡಿದರೆ ಆಳು ಗುಡಿಯ ಹೊರಗೆ ಕಂಬ ತಬ್ಬಿಕೊಂಡು ನಿಂತಿದ್ದ.

“ದೊಡ್ಡೋರು ಮಾತಾಡಿದ್ರು ಯಜಮಾನ್ರೇ. ಸುಣ್ಣ ಕೇಳಿದ್ರು.”

ಕಬನ ಅವನನ್ನು ಗದರಿಸಿ ಕಳಿಸಿದ. ಆದರೆ ವಿಷಯ ಅವನಿಗೆ ಹೊಳೆದುಬಿಟ್ಟಿತ್ತು. ಗೂಡು ಮಡಕೆಗಲ್ಲ. ಅಲ್ಲಿ ಒಬ್ಬ ಮನುಷ್ಯ ಕೂರುತ್ತಾನೆ, ಸತ್ತ ದೊರೆಯ ಬಾಯಾಗಿ ಮಾತಾಡುತ್ತಾನೆ. ಚಕ್ ಕೋಹನ ಹೆಸರು ಹೇಳುತ್ತಾನೆ. ಹನ್ನೊಂದು ವರ್ಷ ಸುಣ್ಣ ಮೆತ್ತಿದ್ದು ಈ ನಾಟಕಕ್ಕೇನು ಎಂದುಕೊಂಡಾಗ ಬಾಯಿ ಕಹಿಯಾಯಿತು.

ಮನೆಗೆ ಹೋದರೆ ಹೆಂಡತಿ ಮುಯಲ್ ಎಲೆ ಸುತ್ತಿದ ಜೋಳದ ಕಡುಬು ಬೇಯಿಸಿದ್ದಳು. ಅವಳ ತಮ್ಮ ತೋಲೋಕ್ ಆಗಲೇ ಮೂರು ಬಿಚ್ಚಿ ತಿಂದಿದ್ದ. ಅರಮನೆಯ ಹಬ್ಬಗಳಲ್ಲಿ ಬಾಲ ಕಟ್ಟಿಕೊಂಡು ಕುಣಿದು, ದೊಡ್ಡವರ ದನಿ ಅಣಕಿಸಿ ನಗಿಸುವುದು ಅವನ ಕಸುಬು. ಟರ್ಕಿ ಕೋಳಿಯಿಂದ ಹಿಡಿದು ಸೇನಾಪತಿಯವರೆಗೆ ಯಾರ ಗಂಟಲನ್ನೂ ಬಿಟ್ಟವನಲ್ಲ. ಬದುಕಿದ್ದಾಗ ಎಕ್ ನಾಬ್ ದೊರೆಯೇ ತನ್ನ ದನಿಯನ್ನು ಇವನ ಬಾಯಲ್ಲಿ ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದುಂಟು.

ಇವತ್ತು ಅವನ ಕಿವಿಯಲ್ಲಿ ಹಸಿರುಕಲ್ಲಿನ ಓಲೆ ಇತ್ತು.

“ಎಲ್ಲಿಂದ ಬಂತೋ ಅದು?” ಎಂದ ಕಬನ.

“ಕಿವಿಗೆ ತೂತಿತ್ತು ಭಾವ, ತುಂಬಿಸಿದೆ.”

“ಕೇಳಿದ್ದಕ್ಕೆ ನೆಟ್ಟಗೆ ಹೇಳು.”

“ಕೊಟ್ಟೋರು ಕೊಟ್ರು. ಕೆಲಸ ಮಾಡಿದೀನಿ, ಕದ್ದಿಲ್ಲ.”

“ಯಾವ ಕೆಲಸ? ದೊರೆ ಸತ್ತು ಊರಿಗೆ ಊರೇ ನಗೋದು ಬಿಟ್ಟಿದೆ. ನಿನ್ನನ್ನ ಕರೆದು ಓಲೆ ಕೊಡೋರು ಯಾರು?”

ತೋಲೋಕ್ ಕಡುಬಿನ ಎಲೆಯನ್ನು ಮಡಿಸುತ್ತ ಕೂತ.

“ಬಂದಿರೋ ಹುಡುಗನ್ನ ತಿನ್ನೋಕಾದ್ರೂ ಬಿಡು,” ಎಂದಳು ಮುಯಲ್. “ಒಂದು ತಿಂಗಳಿಂದ ನೋಡ್ತಿದೀನಿ, ನಿನಗೆ ಕಂಡೋರ ಮೇಲೆಲ್ಲ ಅನುಮಾನ. ಮೊನ್ನೆ ನಾನು ನೀರಿಗೆ ಹೋಗಿ ಬಂದಿದ್ದಕ್ಕೂ ಯಾರ ಹತ್ತಿರ ಮಾತಾಡಿದೆ ಅಂತ ಕೇಳಿದೆ.”

ಮಾರನೆಯ ದಿನ ಮಧ್ಯಾಹ್ನ ಕಬನ ಕೆಲಸ ಬಿಟ್ಟು ತೋಲೋಕನ ಬೆನ್ನು ಹಿಡಿದ. ಅವನು ಸಂತೆಬಯಲು ದಾಟಿ, ಅರಮನೆಯ ಹಿಂದಿನ ಓಣಿ ಹೊಕ್ಕು, ಸಕ್ ಮೋನ ಮನೆಯ ಪರದೆ ಸರಿಸಿ ಒಳಗೆ ಹೋದ. ಕಬನ ಗೋಡೆಯ ಆಚೆ, ಸುಣ್ಣ ಉದುರಿದೆಯೇ ಎಂದು ನೋಡುವವನಂತೆ ನಿಂತ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎಕ್ ನಾಬ್ ದೊರೆಯ ದನಿ ಬಂತು. ಅದೇ ಭಾರ, ಪ್ರತಿ ಮಾತಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವ ಅದೇ ರೀತಿ. ಮತ್ತೊಮ್ಮೆ ಬಂತು, ಈ ಸಲ ಒಂಚೂರು ಸಣ್ಣದಾಗಿ. ಇನ್ನು ಅನುಮಾನಪಡುವುದಕ್ಕೆ ಏನೂ ಉಳಿದಿರಲಿಲ್ಲ. ಗೂಡಿನಲ್ಲಿ ಕೂರುವವನು ತನ್ನ ಭಾವಮೈದುನನೇ.

ಆ ಸಂಜೆಯೇ ಚಕ್ ಕೋಹನ ದಳಪತಿಯೊಬ್ಬ ಗುಡಿಗೆ ಬಂದ. “ಮೆಟ್ಟಿಲು ತುಂಬೋ ಕಲ್ಲುಮಣ್ಣು ಮೇಲಿನ ಅಂತಸ್ತಿನಲ್ಲಿ ರಾಶಿ ಹಾಕಿಸು. ಕಾರ್ಯ ಮುಗಿದ ತಕ್ಷಣ ತುಂಬೋದು.”

“ಒಡೆಯಾ, ಐದು ದಿನ ಧೂಪ ಹಾಕಿ ಆಮೇಲೆ ತುಂಬೋದು ಪದ್ಧತಿ.”

“ತಕ್ಷಣ ಅಂದೆ.”

ಕಬನನಿಗೆ ಅರ್ಥವಾಯಿತು. ದೊರೆಯ ದನಿಯಲ್ಲಿ ಮಾತಾಡಿದವನು ಮೆಟ್ಟಿಲು ಹತ್ತಿ ಮೇಲೆ ಬರುವುದು ಇವರಿಗೆ ಬೇಕಿಲ್ಲ. ತೋಲೋಕನಿಗೆ ಇದು ಗೊತ್ತೇ? ಗೊತ್ತಿದ್ದರೆ ಕಡುಬು ತಿನ್ನುತ್ತ ಕೂರುತ್ತಿದ್ದನೇ? ಹೇಳಿಬಿಡೋಣವೆಂದರೆ ಆ ಓತಿಕ್ಯಾತ ನೇರ ಸಕ್ ಮೋನ ಬಳಿಗೆ ಹೋಗಿ ಊದಿದರೆ? ಆಮೇಲೆ ಗೂಡಿನಲ್ಲಿ ಕೂರುವವರು ಇಬ್ಬರಾಗುತ್ತಾರೆ.

ತಿರುವಿನಲ್ಲಿ ಕೆಲಸಗಾರರಿಗೆ ಗಾಳಿ ಬರಲೆಂದು ಪಡುವಣಕ್ಕೆ ಕೊರೆದಿದ್ದ ಕಿಂಡಿಯೊಂದಿತ್ತು. ಗೂಡಿನ ಎಡಗೋಡೆಯ ಹಿಂದೆಯೇ ಹಾದು ಮೂರನೇ ಅಂತಸ್ತಿಗೆ ತೆರೆದುಕೊಳ್ಳುತ್ತಿತ್ತು. ಒಬ್ಬ ಆಳು ಮೊಣಕೈ ಊರಿ ತೆವಳುವಷ್ಟು ಅಗಲ. ಅದರ ಎರಡೂ ಬಾಯಿ ಮುಚ್ಚಲು ಅಪ್ಪಣೆಯಾಗಿತ್ತು. ಕಬನ ಆಳುಗಳನ್ನೆಲ್ಲ ಸುಣ್ಣದ ಭಟ್ಟಿಯ ಕಡೆ ಅಟ್ಟಿದ. ಅವರಲ್ಲಿ ಇಬ್ಬರು ಹೊಸಬರು. ಯಾರು ಯಾರ ಕಣ್ಣು ಎಂದು ಹೇಳಬರುತ್ತಿರಲಿಲ್ಲ. ತಾನೊಬ್ಬನೇ ಕೂತು ಗೂಡಿನ ಎಡಗೋಡೆ ಬಿಚ್ಚಿ, ಅದಕ್ಕೂ ಕಿಂಡಿಯ ಹೊರಬಾಯಿಗೂ ಕಲ್ಲಿನ ಮೇಲೆ ಕಲ್ಲಿಟ್ಟ. ಸಂದಿಗೆ ಸುಣ್ಣದ ಬದಲು ಒಣ ಮಣ್ಣು ತುರುಕಿದ. ಮುಖಕ್ಕೆ ಮಾತ್ರ ಉಗುರಿನಷ್ಟು ದಪ್ಪ ಗಾರೆ ಬಳಿದು ಉಜ್ಜುಗಲ್ಲಿನಿಂದ ನುಣ್ಣಗೆ ಮಾಡಿದ. ತೋಲೋಕನ ಹೊಟ್ಟೆ ನೆನೆಸಿಕೊಂಡು ಮುಚ್ಚುವ ಮುಂಚೆಯೇ ಕಿಂಡಿಯನ್ನು ಇನ್ನೊಂದು ಬೆರಳು ಅಗಲವಾಗಿ ಕೆತ್ತಿದ್ದ. ಹದಿನಾರನೇ ವಯಸ್ಸಿನಿಂದ ಕಟ್ಟಿದ ಕಟ್ಟಡಗಳಲ್ಲಿ ಬೇಕೆಂದೇ ಕೆಟ್ಟದಾಗಿ ಕಟ್ಟಿದ ಗೋಡೆ ಅದೊಂದೇ. ಕೆಲಸ ಮುಗಿಸಿ ಎದ್ದಾಗ ಕೈ ತೊಳೆದಷ್ಟೂ ತೊಳೆಯಬೇಕೆನ್ನಿಸಿತು.

ಪಟ್ಟದ ದಿನ ಬೆಳಿಗ್ಗೆ ಬಯಲು ತುಂಬ ಜನ. ಗೂಡಿಗೆ ಹೋಗುವ ಮುಂಚೆ ತೋಲೋಕನಿಗೆ ಗೋಡೆಯ ವಿಷಯ ಪಿಸುಗುಟ್ಟಬೇಕೆಂದು ಕಬನ ಹುಡುಕಿದ್ದೇ ಹುಡುಕಿದ್ದು. ಎಲ್ಲೂ ಕಾಣಲಿಲ್ಲ. ಆಗಲೇ ಒಳಗೆ ಕೂರಿಸಿಬಿಟ್ಟರು ಎಂದುಕೊಂಡು ಬೆವರುತ್ತ ಹೊರಮೆಟ್ಟಿಲು ಹತ್ತತೊಡಗಿದ. ಹತ್ತು ಮೆಟ್ಟಿಲು ಹೋಗಿರಬೇಕು, ಕೆಳಗಿನಿಂದ ಯಾರೋ ಕರೆದರು.

“ಭಾವ, ಜೋಪಾನ. ಬಿದ್ದರೆ ಊರೇ ನಗುತ್ತೆ.”

ತೋಲೋಕ್ ಬಾಲ ಕಟ್ಟಿಕೊಂಡು, ಶಂಖ ಊದುವವರ ನಡುವೆ, ಅಕ್ಕನ ಪಕ್ಕದಲ್ಲಿ ನಿಂತಿದ್ದ. ಕೈಯಲ್ಲಿ ಹುರಿದ ಕುಂಬಳಬೀಜ.

ಕಬನ ಅಲ್ಲೇ ನಿಂತುಬಿಟ್ಟ. ಇವನು ಇಲ್ಲಿದ್ದರೆ ಒಳಗಿರುವವರು ಯಾರು? ಇಳಿದು ಕೇಳುವಂತಿರಲಿಲ್ಲ. ಹಿಂದೆ ಚಕ್ ಕೋಹ್ ಚಿರತೆಯ ತೊಗಲು ಹೊದ್ದು ಮೆಟ್ಟಿಲು ಹತ್ತಿ ಬರುತ್ತಿದ್ದ. ಅವನ ಹಿಂದೆ ಪೂಜಾರಿಗಳು, ಮನೆತನಗಳ ಹಿರಿಯರು, ಕೊನೆಗೆ ಬಿಳಿಯುಟ್ಟ ಇಶ್ ಲಕಮ್. ಸಕ್ ಮೋ ಮಾತ್ರ ಕಾಣಲಿಲ್ಲ. ಕಬನ ಇನ್ನೊಮ್ಮೆ ಎಲ್ಲರ ಮುಖ ನೋಡಿದ. ಅವನಿಲ್ಲ.

ಗುಡಿಯೊಳಗೆ ಧೂಪದ ಹೊಗೆ ಕಟ್ಟಿತ್ತು. ಗೊಳವೆಯ ಮುಚ್ಚಳ ಎತ್ತುವುದು ಕಟ್ಟಿದವನ ಹಕ್ಕು. ಕಬನ ಎತ್ತಿ ಪಕ್ಕಕ್ಕಿಟ್ಟ. ಚಕ್ ಕೋಹ್ ಮೊಣಕಾಲೂರಿದ. ತಲೆ ಬಾಗಿಸಿದ್ದರೂ ಬೆನ್ನು ಗೆದ್ದವನ ಬೆನ್ನಾಗಿತ್ತು.

“ಅಣ್ಣಾ, ನಿನ್ನ ಚಾಪೆಯ ಮೇಲೆ ಯಾರು ಕೂರಬೇಕು?”

ಮೂರು ಸಲ ಕೇಳಿದ ಮೇಲೆ ಬೆಟ್ಟದ ಹೊಟ್ಟೆಯಿಂದ ದನಿ ಎದ್ದಿತು. ಹಿರಿಯರಲ್ಲಿ ಒಬ್ಬ ನೆಲಕ್ಕೆ ಹಣೆ ಹಚ್ಚಿಬಿಟ್ಟ.

“ಲಕಮ್ ಕೂರಲಿ. ನನ್ನ ಮಗಳು ಇಶ್ ಲಕಮ್. ತಮ್ಮ ಅವಳಿಗೆ ಕೈಯಾಗಲಿ.”

ಹೊಗೆಯೊಂದೇ ಅಲ್ಲಾಡುತ್ತಿತ್ತು. ಚಕ್ ಕೋಹನ ಬೆರಳುಗಳು ಗೊಳವೆಯ ಅಂಚನ್ನು ಹಿಡಿದುಕೊಂಡಿದ್ದವು. ಗೆಣ್ಣುಗಳು ಸುಣ್ಣಕ್ಕಿಂತ ಬಿಳಿಚಿಕೊಂಡಿದ್ದವು. ಇದು ಮೋಸ ಎಂದು ಕೂಗುವಂತಿರಲಿಲ್ಲ. ಮೋಸವೆಂದು ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ ಹೇಳಲು ಅವನ ಬಳಿ ಏನಿತ್ತು? ಅವನು ನಿಧಾನವಾಗಿ ಎದ್ದು ಮೊದಲು ನೋಡಿದ್ದು ಕಬನನನ್ನು.

“ಗೊಳವೆ ಕಟ್ಟಿದ್ದು ನೀನಾ?”

“ಹೌದು ಬುದ್ಧಿ.”

“ಇನ್ನೆಲ್ಲಾದರೂ ತೂತು ಬಿಟ್ಟಿದೀಯಾ ಅದಕ್ಕೆ?”

“ತಮ್ಮ ಕಡೆಯವರು ಹೇಳಿದ್ದು ಬಿಟ್ಟು ಇನ್ನೊಂದಿಲ್ಲ, ಬುದ್ಧಿ.”

ಹಿರಿಯರು ತಲೆ ಎತ್ತಿ ಇಬ್ಬರನ್ನೂ ನೋಡಿದರು. ಚಕ್ ಕೋಹ್ ಅಣ್ಣನ ಮಗಳ ಮುಂದೆ ಬಾಗಿ ಹೆಗಲ ಮೇಲಿನ ಚಿರತೆಯ ತೊಗಲನ್ನು ತೆಗೆದು ಅವಳ ಕಾಲ ಬಳಿ ಹಾಸಿದ. ಹೊರಗೆ ಶಂಖಗಳು ಊದಿದವು. ಹೊರಟು ಹೋಗುವಾಗ ಕಬನನ ಪಕ್ಕ ಬಂದು, ತುಟಿ ಅಲುಗದಂತೆ ಹೇಳಿದ: “ತುಂಬು. ಈಗಲೇ. ದೊಡ್ಡ ಕಲ್ಲುಗಳನ್ನ ಮೊದಲು ಹಾಕು.”

ಈಟಿಯವರು ನಾಲ್ಕು ಜನ ಮೆಟ್ಟಿಲಿನ ಬಾಯಿಗೆ ನಿಂತರು. ಆಳುಗಳು ಕಲ್ಲು ಇಳಿಸತೊಡಗಿದರು. ಮೊದಲ ಕಲ್ಲುಗಳು ಕೆಳಗೆ ಉರುಳಿದ ಸದ್ದಿನಲ್ಲಿ ಕಬನ ಮುಚ್ಚಳ ಸರಿಯಾಗಿ ಕೂರುತ್ತದೆಯೇ ನೋಡುವವನಂತೆ ನೆಲಕ್ಕೆ ಒರಗಿದ. ಬಾಯಿಯನ್ನು ಗೊಳವೆಗೆ ಇಟ್ಟ.

“ಬುದ್ಧಿ, ನಾನು ಕಬನ. ಎಡಗೋಡೆಗೆ ಸುಣ್ಣ ಹಾಕಿಲ್ಲ. ಮೇಲಿನ ಎರಡು ಸಾಲು ತಳ್ಳಿದರೆ ಗಾಳಿಕಿಂಡಿ. ಹೊರಗಿನ ಬಾಯಿಯೂ ಹಾಗೇ ಇದೆ. ಕತ್ತಲಾದ ಮೇಲೆ ಹೊರಡಿ.”

ಕೆಳಗಿನಿಂದ ಸಕ್ ಮೋನ ಸ್ವಂತ ದನಿ, ಒಣಕಲು ದನಿ, ಬಂತು.

“ಚಕ್ ಕೋಹ್ ಹೇಳಿಕೊಟ್ಟನಾ ನಿಂಗೆ?”

“ಇಲ್ಲ.”

“ಕಿಂಡಿ ಹೊರಗೆ ಎಷ್ಟು ಜನ ಈಟಿ ಹಿಡ್ಕೊಂಡು ಕಾಯ್ತಿದಾರೆ?”

“ಯಾರೂ ಇಲ್ಲ ಬುದ್ಧಿ. ತೋಲೋಕ್ ಒಳಗೆ ಕೂರ್ತಾನೆ ಅಂದ್ಕೊಂಡು ನಾನೇ ಬಿಟ್ಟಿದ್ದು.”

ಕೆಳಗೆ ಕೆಮ್ಮಿದ ಹಾಗೆ ಏನೋ ಕೇಳಿಸಿತು. ನಕ್ಕಿದ್ದೆಂದು ಕಬನನಿಗೆ ತಡವಾಗಿ ಹೊಳೆಯಿತು.

“ಅವನು ನಂಗೆ ದೊರೆಯ ಗಂಟಲು ಕಲಿಸಿದ ಗುರು. ಕೆಟ್ಟ ಗುರು. ಹತ್ತು ಸಲ ತಪ್ಪಿದರೆ ಹತ್ತು ಸಲವೂ ಅಣಕಿಸ್ತಿದ್ದ.”

“ಬುದ್ಧಿ, ಒಂದು ಮಾತು. ದೊಡ್ಡೋರು ಸಾಯೋವಾಗ ನಿಜವಾಗ್ಲೂ ಮಗಳ ಹೆಸರೇ ಹೇಳಿದ್ರಾ?”

“ಗೊಳವೆಯಿಂದ ಕೇಳಿಸ್ತಲ್ಲ. ಇನ್ನೇನು ಬೇಕು ನಿಂಗೆ? ಮುಚ್ಚಳ ಹಾಕು, ಯಾರಾದ್ರೂ ನೋಡ್ತಾರೆ.”

ಮೂರು ದಿನ ಕಬನ ಪಡುವಣ ಮಗ್ಗುಲಿಗೆ ತಲೆ ಹಾಕಲಿಲ್ಲ. ನಾಲ್ಕನೆಯ ಬೆಳಿಗ್ಗೆ ಬಿರುಕು ನೋಡುವ ನೆವ ಮಾಡಿಕೊಂಡು ಮೂರನೇ ಅಂತಸ್ತಿಗೆ ಹೋದ. ಕಿಂಡಿಯ ಬಾಯಿಯ ಎರಡು ಕಲ್ಲು ಹೊರಗೆ ಬಿದ್ದಿದ್ದವು. ಅಂಚಿಗೆ ಹರಿದ ಹತ್ತಿಬಟ್ಟೆಯ ಚೂರು, ಅದರ ಮೇಲೆ ಮಸಿಯ ಬೆರಳ ಗುರುತು. ಒಳಗೆ ಕೂಗಿ ನೋಡುವ ಧೈರ್ಯವಾಗಲಿಲ್ಲ. ಹೊರಗೆ ಬಂದವನು ದಾಟಿಹೋದನೋ, ಕೆಳಗೆ ಯಾರ ಕೈಗಾದರೂ ಸಿಕ್ಕನೋ ಹೇಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ಈ ಸಲ ಕಲ್ಲುಗಳನ್ನು ಗಟ್ಟಿ ಸುಣ್ಣ ಹಾಕಿ ಕೂರಿಸಿದ.

ಸಕ್ ಮೋನ ಮನೆಯನ್ನು ಚಕ್ ಕೋಹನ ಜನ ಅಗೆದು ನೋಡಿದರಂತೆ. ಲಿಪಿಕಾರ ಹೊಳೆಯ ಕೆಳಗಿನ ಯಾವುದೋ ಊರಿನಲ್ಲಿ ಮಡಕೆಗೆ ಚಿತ್ರ ಬರೆಯುತ್ತಿದ್ದಾನೆಂದು ಒಬ್ಬ ಹೇಳಿದ. ಹೊಳೆಯಲ್ಲೇ ಹೆಣ ಕಂಡೆನೆಂದು ಇನ್ನೊಬ್ಬ. ತೋಲೋಕ್ ಓಲೆ ಬಿಚ್ಚಿ ಅಕ್ಕನ ಕೈಗೆ ಕೊಟ್ಟ. “ದನಿ ಕಲಿಸು ಅಂದ್ರು, ಕಲಿಸಿದೆ. ಬಾಯಿ ಬಿಟ್ಟರೆ ನಾಲಿಗೆ ಇರಲ್ಲ ಅಂದ್ರು, ಬಿಡಲಿಲ್ಲ. ಯಾತಕ್ಕೆ ಅಂತ ನಂಗೂ ಗೊತ್ತಿರಲಿಲ್ಲ ಭಾವ.” ಕಬನ ಅವನನ್ನು ಅರ್ಧ ನಂಬಿದ. ಮುಂದಿನ ವಾರವೇ ಉಪ್ಪು ಹೊರುವವರ ಜೊತೆ ಅವನನ್ನು ಕಡಲತೀರಕ್ಕೆ ಕಳಿಸಿಬಿಟ್ಟ.

ಇಶ್ ಲಕಮ್ ಚಾಪೆಯ ಮೇಲೆ ಕೂತು ಇಪ್ಪತ್ತು ದಿನವಾಗಿತ್ತು. ಒಂದು ಬೆಳಿಗ್ಗೆ ಗುಡಿಗೆ ಬರಲು ಕಬನನಿಗೆ ಕರೆ ಬಂತು. ಅವಳು ಗೊಳವೆಯ ಪಕ್ಕ ನೆಲದ ಮೇಲೇ ಕೂತಿದ್ದಳು. ಹೆಂಗಸರನ್ನು ಹೊರಗೆ ಕಳಿಸಿದ್ದಳು. ಅವಳ ಬೆರಳ ತುದಿಯಲ್ಲೂ ಮಸಿಯಿತ್ತು. ಅವಳಿಗೆ ಅಕ್ಷರ ಕಲಿಸಿದವನು ಸಕ್ ಮೋ ಎಂಬುದು ಆಗ ಕಬನನ ನೆನಪಿಗೆ ಬಂತು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎನ್ನಿಸಿತು.

“ಅವತ್ತು ನೀನು ಎಲ್ಲರಿಗಿಂತ ಹತ್ತಿರ ಇದ್ದೆ,” ಎಂದಳು. “ಅದು ಅಪ್ಪನ ದನಿಯಾ?”

“ನಾನು ದೊಡ್ಡೋರ ದನಿ ದೂರದಿಂದ ಕೇಳಿದೋನು ತಾಯಿ. ನಂಗೆ ಹೇಗೆ ಗೊತ್ತಾಗಬೇಕು?”

“ನಾನು ಹತ್ತಿರದಿಂದ ಕೇಳಿದೀನಿ. ಅಪ್ಪ ನನ್ನನ್ನ ಒಂದು ದಿನವೂ ಲಕಮ್ ಅಂತ ಕರೀಲಿಲ್ಲ.”

ಕಬನ ನೆಲ ನೋಡುತ್ತ ನಿಂತ. ಅವಳು ಕೇಳುತ್ತಿದ್ದಾಳೋ, ತಾನು ಎಷ್ಟು ಬಲ್ಲೆನೆಂದು ಅಳೆಯುತ್ತಿದ್ದಾಳೋ ತಿಳಿಯಲಿಲ್ಲ.

“ಇದನ್ನ ಮುಚ್ಚಿಬಿಡು,” ಎಂದಳು. “ಮುಚ್ಚಳದ ಸುತ್ತ ಸುಣ್ಣ ಹಾಕಿ.”

“ತಾಯಿ, ಉಸಿರು ಬರೋ ದಾರಿ. ಪೂರ್ತಿ ಮುಚ್ಚಿದರೆ ದೊಡ್ಡೋರಿಗೆ...”

ಅವಳು ಯೋಚಿಸಿದಳು. “ಹಾಗಾದರೆ ಕೂದಲೆಳೆಯಷ್ಟು ಸಂದು ಬಿಡು. ಉಸಿರು ಬರಲಿ. ಮಾತು ಬರಬಾರದು.”

ಅವನು ಸುಣ್ಣ ಕಲಸಿ ತಂದು ಮುಚ್ಚಳದ ಅಂಚಿಗೆ ಬಳಿದ. ಒಂದು ಕಡೆ ಕೂದಲೆಳೆ ಇಟ್ಟು ಎಳೆದು ಸಂದು ಬಿಟ್ಟ. ಅವಳು ಎದ್ದು ಹೋಗಲಿಲ್ಲ. ಬಿಸಿಲು ಬಾಗಿಲಿನಿಂದ ಒಳಗೆ ಬಂದು ಗಾರೆಯ ಮೇಲೆ ಬಿದ್ದು, ಗಾರೆ ಬಿಳಿಯಾಗುವ ತನಕ ಅಲ್ಲೇ ಕೂತು, ನಡುನಡುವೆ ಉಗುರಿನಿಂದ ಒತ್ತಿ ನೋಡುತ್ತಿದ್ದಳು.